ಆಂಗ್ ಸಾರ್ ಮನೆತನದ ಹೆಸರು

ಬಾಡಿಗೆ ಮನೆ ಕೊಡಿಸುವುದು ನನ್ನ ಕಸುಬು. ಇದರಲ್ಲಿ ಮನೆ ಸಿಗುವುದು ಸುಲಭ, ಬಂದವರು ಯಾರ ಪೈಕಿ ಎಂದು ಓನರಿಗೆ ತಿಳಿಸುವುದೇ ಕಷ್ಟ. ಹಾಗಾಗಿ ತಮಾಷೆಗೆ ಬರವಿಲ್ಲ.

ಈಚೆಗೆ ಬರ್ಮಾದವರೊಬ್ಬರು ಬಂದರು. ಇಂದಿರಾನಗರದ ಹೋಟೆಲೊಂದರಲ್ಲಿ ಅಡುಗೆಯವರು, ಶಿವಾಜಿನಗರದ ಲಾಡ್ಜಿನಲ್ಲಿ ವಾಸ. ಹೆಂಡತಿ, ಮಗಳು ಭಾನುವಾರ ಬಂದಿಳಿಯುವವರಿದ್ದರು. ಅಷ್ಟರೊಳಗೆ ಮನೆ ಆಗಬೇಕಿತ್ತು. ಅವರದು ಮೂರು ತುಂಡಿನ ಹೆಸರು. ನನ್ನ ನಾಲಿಗೆಗೆ ಹತ್ತಿದ್ದು ಮೊದಲ ತುಂಡು, ಆಂಗ್.

ಮೂರು ಜನ, ಮೂರು ಹೆಸರು

ಕಗ್ಗದಾಸಪುರದ ಓನರು ಮೂವರ ಹೆಸರೂ ಕೇಳಿಸಿಕೊಂಡರು.

"ಗಂಡನ ಹೆಸರು ಹೆಂಡ್ತಿಗಿಲ್ಲ, ಅಪ್ಪನ ಹೆಸರು ಮಗಳಿಗಿಲ್ಲ. ಒಂದೇ ಫ್ಯಾಮಿಲಿ ಅಂತ ಹೆಂಗ್ರೀ ನಂಬೋದು?"

ಆಂಗ್ ಸಾರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. "ಅವರ ದೇಶದಲ್ಲಿ ಮನೆತನದ ಹೆಸರು ಅನ್ನೋದೇ ಇಲ್ವಂತೆ ಸಾರ್. ಒಬ್ಬೊಬ್ಬರಿಗೆ ಅವರವರದೇ ಹೆಸರು."

"ಅದ್ಹೆಂಗೆ? ಎಲ್ರಿಗೂ ಇರುತ್ತೆ."

"ನಿಮ್ದೇನು ಸಾರ್?"

ಅವರು ಯೋಚಿಸಿದರು. ಹೆಸರಿನ ಮುಂದೆ ಎರಡು ಇನಿಷಿಯಲ್ ಇದ್ದವು, ಊರಿನದೊಂದು, ಅಪ್ಪನದೊಂದು. ಬೇರೇನೂ ಸಿಗಲಿಲ್ಲ.

"ನನಗ್ಯಾಕ್ರೀ ಅದು? ನಾನು ಓನರು," ಎಂದು ಗೇಟು ಹಾಕಿಕೊಂಡರು.

ಅಣ್ಣನೂ ತಮ್ಮನೂ

ಹೊರಮಾವಿನಲ್ಲಿ ಉಲ್ಟಾ. ಆಂಗ್ ಎನ್ನುತ್ತಲೇ ಓನರು ಎದ್ದು ನಿಂತರು. ಹಿಂದೆ ಅವರ ಮಹಡಿಯಲ್ಲಿದ್ದ ಆಂಗ್ ಎಂಬ ಹುಡುಗ ಗಿಟಾರ್ ಬಾರಿಸಿ ತಲೆ ತಿಂದಿದ್ದನಂತೆ.

"ತಮ್ಮ ಗಿಟಾರು ತಂದಿದ್ದ. ಅಣ್ಣ ಡ್ರಮ್ಮು ತರ್ತಾರೆ. ಬೇಡಪ್ಪ."

"ಸಂಬಂಧವೇ ಇಲ್ಲ ಸಾರ್. ಅಲ್ಲಿ ಬೀದಿಗೆ ನಾಲ್ಕು ಜನ ಆಂಗ್ ಇರ್ತಾರಂತೆ, ನಮ್ಮಲ್ಲಿ ಕುಮಾರ್ ಇದ್ದ ಹಾಗೆ. ಕುಮಾರ್‌ಗಳೆಲ್ಲ ಅಣ್ಣತಮ್ಮಂದಿರಾ?"

"ಹೌದು," ಎಂದರು ಓನರು. "ನಮ್ಮನೇಲಿ ವಿಜಯಕುಮಾರ್, ಅಜಯಕುಮಾರ್, ನಾನು ಸಂಜಯಕುಮಾರ್."

ಅರ್ಥ ಕೇಳಿದ ಅಜ್ಜಿ

ಜೀವನ್ ಬಿಮಾ ನಗರದ ಅಜ್ಜಿ ಮಾತ್ರ ಕೂರಿಸಿ ಕಾಫಿ ಕೊಟ್ಟರು. ಹೆಸರಿನ ಅರ್ಥ ಕೇಳಿದರು.

"ಜಯ ಅಂತ ಅಜ್ಜಿ. ಅವರಲ್ಲಿ ಹುಟ್ಟಿದ ವಾರ ನೋಡಿ ಅಕ್ಷರ ಆರಿಸ್ತಾರಂತೆ. ಇವರು ಭಾನುವಾರ ಹುಟ್ಟಿದ್ದು, ಅದಕ್ಕೇ ಆಂಗ್. ಮಗಳದು ಬೇರೆ ವಾರ, ಬೇರೆ ಅಕ್ಷರ."

"ನಾವು ನಕ್ಷತ್ರ ನೋಡ್ತೀವಿ, ಅವರು ವಾರ ನೋಡ್ತಾರೆ. ಅಷ್ಟೇ ತಾನೆ? ಹಾಗಾದ್ರೆ ಇವರು ನಮ್ಮ ಜಯಣ್ಣ."

ಗೆದ್ದೆವು ಎಂದು ನಾನು ಬೀಗದ ಕೈಗೆ ಕೈ ಚಾಚಿದೆ. ಅಜ್ಜಿ ಕೊಡಲಿಲ್ಲ.

"ನನ್ನ ಮೈದುನನೂ ಜಯಣ್ಣನೇ. ಹುಟ್ಟಿದಾಗಿನಿಂದ ಒಂದು ಕೆಲಸ ಗೆದ್ದು ಬರಲಿಲ್ಲ. ಹೆಸರು ನಂಬಿ ಮನೆ ಕೊಡಕ್ಕಾಗಲ್ಲ. ಹೆಂಡ್ತಿ ಬರಲಿ, ಇಬ್ರನ್ನೂ ಜೊತೇಲಿ ನೋಡ್ತೀನಿ."

ಮಂಚ ಎಲ್ಲಿ?

ಭಾನುವಾರ ಮೂವರೂ ಏರ್‌ಪೋರ್ಟಿನಿಂದ ನೇರ ಅಜ್ಜಿಯ ಮನೆಗೇ ಬಂದರು. ಗೇಟಿನ ಬಳಿ ಸೂಟ್‌ಕೇಸಿನ ಮೇಲೆ ಮಗಳು ತೂಕಡಿಸುತ್ತಿದ್ದಳು. ಈ ಮನೆಯೂ ತಪ್ಪಿದರೆ ಲಾಡ್ಜಿನ ಒಂಟಿ ಮಂಚದಲ್ಲಿ ಮೂವರೂ ಮಲಗಬೇಕೆಂದು ಆಂಗ್ ಸಾರ್ ನನ್ನ ಕಿವಿಯಲ್ಲಿ ಹೇಳಿದರು. ನನಗೂ ಅಯ್ಯೋ ಅನಿಸಿತು.

ಅಜ್ಜಿ ಬಾಗಿಲು ತೆಗೆದು ಒಳಗೆ ಕರೆದರು. ಮಲಗುವ ಕೋಣೆಯಲ್ಲಿ ಆಂಗ್ ಸಾರ್ ಗೋಡೆಯ ಕಡೆ ಕೈ ತೋರಿಸಿ, ಮಂಚ ಅಲ್ಲಿ ಎಂಬಂತೆ ಏನೋ ಹೇಳಿದರು. ಹೆಂಡತಿ ಕಿಟಕಿ ತೋರಿಸಿದರು. ಅವರು ಮತ್ತೆ ಗೋಡೆ. ಇವರು ಮತ್ತೆ ಕಿಟಕಿ. ಮಾತು ಜೋರಾಯಿತು. ಕೈಗೆ ಬಂದ ಮನೆ ಜಗಳದಲ್ಲಿ ಹೋಗುತ್ತದಲ್ಲ ಎಂದು ನಾನು ಆಂಗ್ ಸಾರ್‌ಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅಜ್ಜಿ ನನ್ನ ಕೈ ಹಿಡಿದು, "ತಡಿ," ಎಂದರು.

ಕೊನೆಗೆ ಹೆಂಡತಿ ಮಾತು ನಿಲ್ಲಿಸಿ, ಕೈಕಟ್ಟಿ, ಕಿಟಕಿಯ ಕೆಳಗೆ ನಿಂತುಬಿಟ್ಟರು. ಆಂಗ್ ಸಾರ್ ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ ತೆಪ್ಪಗೆ ಹೋಗಿ ಕಿಟಕಿಯ ಕೆಳಗೆ ಗೇಣು ಹಾಕಿ ಮಂಚದ ಅಳತೆ ನೋಡತೊಡಗಿದರು.

ಬರ್ಮಾ ಭಾಷೆಯ ಒಂದಕ್ಷರ ಬಾರದ ಅಜ್ಜಿ ಸೆರಗಿನ ಗಂಟು ಬಿಚ್ಚಿದರು.

"ಗಂಡ ಹೆಂಡ್ತೀನೇ ಕಣೋ, ಅನುಮಾನವೇ ಬೇಡ," ಎಂದು ಬೀಗದ ಕೈ ತೆಗೆದು ಹೆಂಡತಿಯ ಕೈಗಿಟ್ಟರು. "ತಗೋಮ್ಮ, ಜಯಣ್ಣ ನೀನೇ."