ಚಿತ್ರ ಬಂತಾ?

ಟಿವಿ ರಿಪೇರಿ ಮಾಡುವವನ ಬದುಕಿನಲ್ಲಿ ಟಿವಿಗಿಂತ ಬೇಗ ಕೆಡುವುದು ಮರ್ಯಾದೆ. ತೊಂಬತ್ತೇಳರಲ್ಲಿ ಕುಂದಾಪುರದ ಒಂದು ಓಣಿಯಲ್ಲಿ ಅಂಗಡಿ ಹಾಕಿದ ದಿನದಿಂದ ನನಗೆ ಒಂದೇ ಹಠ: ನನ್ನ ಕೈ ದಾಟಿದ ಟಿವಿಯಲ್ಲಿ ಚಿತ್ರ ಕನ್ನಡಿಯ ಹಾಗೆ ಕಾಣಬೇಕು. ಆ ಒಂದು ಹೆಸರಿಗಾಗಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಚೀಲ ಹೊತ್ತು ಬಸ್ಸಿನಲ್ಲಿ ಜೋತಾಡಿದ್ದೇನೆ. ಆದರೆ ಜನರಿಗೆ ನನ್ನಿಂದ ಬೇಕಾಗಿದ್ದದ್ದು ಬೇರೆಯೇ ಏನೋ. ಅದು ನನಗೆ ಪೂರ್ತಿ ತಿಳಿಯುವ ಹೊತ್ತಿಗೆ ತಲೆ ಬೆಳ್ಳಗಾಗಿತ್ತು.

೧. ಮಾಡಿನ ಮೇಲೆ ಚಹಾ

ಅಂಗಡಿ ಹಾಕಿದ ಮೊದಲ ಮಳೆಗಾಲ. ಆಗ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಗಂಗೊಳ್ಳಿಯ ಗಂಡಸರೆಲ್ಲ ಮನೆಯಲ್ಲಿ. ವರ್ಷವಿಡೀ ಸುಮ್ಮನಿದ್ದ ಟಿವಿಗಳೆಲ್ಲ ಒಟ್ಟಿಗೇ ಕೆಡುತ್ತವೆ. ನನಗೆ ಅದೇ ಸುಗ್ಗಿ.

ಬೋಟು ನಡೆಸುವ ತಾಂಡೇಲರೊಬ್ಬರು ಆಂಟೆನಾ ಸರಿ ಮಾಡಲು ಕರೆದರು. ನಾನು ಪಾಚಿ ಹಿಡಿದ ಹೆಂಚಿನ ಮೇಲೆ, ಅವರು ಕೆಳಗೆ ಟಿವಿ ಎದುರು.

"ಚಿತ್ರ ಬಂತಾ?" ಅಂತ ನಾನು ಕೂಗುವುದು.

"ಒಂಚೂರ್ ತೆಂಕಕ್ಕೆ... ಹೆಚ್ಚಾಯ್ತ್, ಬಡಗಕ್ಕೆ ತಕಣಿ" ಅಂತ ಅವರು ಬೋಟು ತಿರುಗಿಸುವ ಗತ್ತಿನಲ್ಲೇ ಅಪ್ಪಣೆ ಕೊಡುವುದು.

ಕೊನೆಗೂ "ಹ್ವಾಯ್, ಲಾಯ್ಕ್ ಬಂತ್" ಅಂದರು. ನಾನು ಕಂಬದಿಂದ ಕೈ ತೆಗೆದೆ. ಚಿತ್ರ ಹೋಯಿತು. ಹಿಡಿದೆ, ಬಂತು. ಬಿಟ್ಟೆ, ಹೋಯಿತು. ನನ್ನ ವಿದ್ಯೆಗೆ ಬೆಂಕಿ ಬಿತ್ತು, ಚಿತ್ರ ಬರುತ್ತಿದ್ದದ್ದು ನನ್ನ ಮೈಯ ಗುಣಕ್ಕೇ.

ಒಳಗಿಂದ ತಾಂಡೇಲರ ಹೆಂಡತಿ, "ಹಾಂಗೇ ಹಿಡ್ಕಣಿ, ಧಾರಾವಾಹಿ ಶುರು ಆಯ್ತ್" ಅಂದರು. ಹನಿ ಮಳೆ ಬೇರೆ. ಕಾಲು ಗಂಟೆ ಕಂಬ ಅಪ್ಪಿಕೊಂಡು ನಿಂತೆ. ಅಷ್ಟರಲ್ಲಿ ಏಣಿಯ ತುದಿಯಲ್ಲಿ ಬಿಸಿ ಚಹಾದ ಲೋಟ ಕಂಡಿತು, ಅದರ ಹಿಂದೆ ತಾಂಡೇಲರ ಮುಖ. ನನ್ನ ಅವಸ್ಥೆ ನೋಡಿ ಕರುಳು ಚುರುಕ್ ಅಂದಿರಬೇಕು ಅಂತ ನನ್ನ ಕಣ್ಣೇ ಒದ್ದೆಯಾಯಿತು.

"ಜಾಹೀರಾತ್ ಬಂತ್. ಬೇಗ ಕುಡ್ದ್ ಬಿಡಿ. ಅದ್ ಮುಗುದ್ರೊಳಗೆ ಕಂಬ ಹಿಡೀಕ್" ಅಂದರು.

೨. ಟ್ರಂಕಿನ ಕಾಮಿಕ್ಸ್

ಕಾದು ಕೂತ ಗಿರಾಕಿ ನನ್ನ ತಲೆ ತಿನ್ನಬಾರದು ಅಂತ ಅಂಗಡಿಯಲ್ಲಿ ಒಂದು ಟ್ರಂಕ್ ತುಂಬ ಹಳೇ ಕಾಮಿಕ್ಸ್ ಇಟ್ಟಿದ್ದೆ. ಕುದುರೆ ಏರಿದ ರಾಜಕುಮಾರರು, ಎರಡು ತಲೆಯ ರಾಕ್ಷಸರು. ಅರ್ಧಕ್ಕರ್ಧ ರಟ್ಟಿಲ್ಲದವು.

ಕೋಟದ ನಿವೃತ್ತ ಮೇಷ್ಟ್ರೊಬ್ಬರು ರಿಕ್ಷಾದಲ್ಲಿ ಟಿವಿ ತಂದರು. ಟ್ರಂಕ್ ನೋಡಿ, "ಇಂಥದ್ದೆಲ್ಲ ಓದಿಯೇ ಮಕ್ಳ್ ಬುದ್ಧಿ ಹಾಳಾದ್ದ್" ಅಂತ ಒಂದು ಪುಸ್ತಕವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಿನಲ್ಲಿ ಎತ್ತಿದರು. ಎತ್ತಿದ್ದನ್ನು ಸಂಜೆಯವರೆಗೆ ಇಳಿಸಲಿಲ್ಲ. ಟಿವಿ ಸರಿ ಮಾಡಿ ಕಳಿಸಿದೆ.

ಮುಂದಿನ ವಾರ ಅದೇ ಟಿವಿ ವಾಪಸ್. ಅದರ ಮುಂದಿನ ವಾರವೂ ವಾಪಸ್. ನನಗೆ ನಾಚಿಕೆಯಿಂದ ಮುಖ ತೋರಿಸಲಾಗಲಿಲ್ಲ. ಇವನ ರಿಪೇರಿ ಎಂಟು ದಿನ ಬಾಳುವುದಿಲ್ಲ ಅಂತ ಸಾಲಿಗ್ರಾಮದವರೆಗೂ ಸುದ್ದಿ ಹೋಯಿತು.

ನಾಲ್ಕನೇ ಸಲ ಹಿಂಬದಿ ಬಿಚ್ಚಿ ನೋಡುತ್ತೇನೆ, ಒಂದು ತಂತಿಯನ್ನು ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದಾರೆ. ತಂತಿ ಎತ್ತಿ ಹಿಡಿದು ಮೇಷ್ಟ್ರ ಕಡೆ ನೋಡಿದೆ. ಅವರು ಪುಟದಿಂದ ತಲೆ ಎತ್ತಲಿಲ್ಲ.

"ನಿಧಾನ ಮಾಡಿ, ಎಂತ ಗಡಿಬಿಡಿಯೂ ಇಲ್ಲೆ" ಅಂದರು. "ರಾಜಕುಮಾರ ಇನ್ನೂ ಗುಹೆ ಒಳಗೇ ಇದ್ದ."

೩. ಬರೀ ಸದ್ದು

ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿ ಬಂದದ್ದೇ ನನ್ನ ಹೊಟ್ಟೆಯ ಮೇಲೆ ಹೊಡೆದ ಹಾಗಾಯಿತು. ಅದು ಕೆಟ್ಟರೆ ಜನ ರಿಪೇರಿಯವನನ್ನು ಹುಡುಕುವುದಿಲ್ಲ, ಹೊಸ ಟಿವಿ ಹುಡುಕುತ್ತಾರೆ. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆ. "ಅಪ್ಪ, ಮೊಬೈಲ್ ಕವರ್ ಮಾರಿ" ಅಂತ ಮಗಳು ದಿನಾ ಹೇಳುವಳು. ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಅವಳು ಕಿವಿಗೆ ವಯರ್ ಸಿಕ್ಕಿಸಿಕೊಂಡು ಒಬ್ಬಳೇ ನಗುತ್ತಿದ್ದಳು.

"ಎಂತ ಅದ್?"

"ಪಾಡ್‌ಕಾಸ್ಟ್. ಇಬ್ರ್ ಕೂಕಂಡ್ ಮಾತಾಡ್ತ್ರ್."

"ಚಿತ್ರ?"

"ಚಿತ್ರ ಇರುದಿಲ್ಲೆ ಅಪ್ಪ. ಅದೇ ಅದ್ರ ವಿಶೇಷ."

ಇಪ್ಪತ್ತು ವರ್ಷ ಜನ ಅದನ್ನೇ ನನ್ನ ಹತ್ತಿರ ಅಳುತ್ತ ಹೊತ್ತು ತಂದಿದ್ದರು. ಚಿತ್ರ ಹೋಯಿತು, ಬರೀ ಸದ್ದು ಬರುತ್ತದೆ, ಹೇಗಾದರೂ ಮಾಡಿ ಅಂತ. ನಾನು ಮೂರ್ಖ, ಊಟ ಬಿಟ್ಟು ಎಲ್ಲವನ್ನೂ ಸರಿ ಮಾಡಿಕೊಟ್ಟೆ.

೪. ಉಪ್ಪುಂದದ ರೋಗಿ

ಎರಡು ತಿಂಗಳು ಒಂದೇ ಒಂದು ಟಿವಿ ಬರಲಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಯಾರೂ ಕರೆಯದಿದ್ದರೆ ಕವರ್ ಮಾರುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟೆ. ಕೊಟ್ಟು ವಾರವಾಗಿರಲಿಲ್ಲ, ಉಪ್ಪುಂದದಿಂದ ಮೀನು ಮಾರುವ ಅಜ್ಜಿಯೊಬ್ಬರ ಫೋನು. ಹಳೇ ಡಬ್ಬಾ ಟಿವಿ, ತುರ್ತು, ಇವತ್ತೇ ಬರಬೇಕು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೋಗಿ ನೋಡಿದರೆ ಗೋಡೆಯ ಮೇಲೆ ಹೊಸ ಚಪ್ಪಟೆ ಟಿವಿ ಚೆನ್ನಾಗಿಯೇ ಇದೆ. ಹಳೆಯದು ಕಟ್ಟಿಗೆ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದೆ. ಇದು ಯಾರಿಗೆ ಅಂತ ಕೇಳಿದೆ. ಅಜ್ಜಿ ಮೂಲೆಗೆ ಕೈ ತೋರಿಸಿದರು. ಅಲ್ಲೊಂದು ಮುದಿ ಬೆಕ್ಕು, ಪಕ್ಕೆಲುಬು ಎಣಿಸಬಹುದು, ಹೊಸ ಟಿವಿಯನ್ನೇ ದಿಟ್ಟಿಸುತ್ತ ಕೂತಿದೆ.

"ಸಣ್ಣ ಮರಿ ಇದ್ದಾಗಿಂದ ಹಳೇ ಟಿವಿ ಮೇಲೇ ಮನಿಕಂತಿತ್ತ್, ಬೆಚ್ಚಗಿರತ್ತಲೆ" ಅಂದರು ಅಜ್ಜಿ. "ಹೊಸ್ದ್ರ ಮೇಲೆ ಹಾರುಕ್ ಹೋಯಿ ಮೂರ್ ಸಲ ಬಿತ್ತ್. ಈಗ ನಾಲ್ಕ್ ದಿನ ಆಯ್ತ್, ಬಂಗುಡೆ ಇಟ್ರೂ ಮೂಸುದಿಲ್ಲೆ. ಇದ್ ಹೋದ್ರೆ ನಂಗ್ಯಾರ್ ಇದ್ರ್ ಮಾತಾಡುಕೆ?"

ಬೆಳಗಾದರೆ ಬುಟ್ಟಿ ಹೊತ್ತು ಊರು ಸುತ್ತುವ ಅಜ್ಜಿ ನಾಲ್ಕು ದಿನದಿಂದ ಹೊಸ್ತಿಲು ದಾಟಿರಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು. "ಚಿತ್ರ ಬ್ಯಾಡ, ಸದ್ದೂ ಬ್ಯಾಡ. ಸದ್ದ್ ಹೋಯಿ ಎಂಟ್ ವರ್ಷ ಆಯ್ತ್, ಯಾರಿಗೂ ಬೇಕಾಯ್ಲಿಲ್ಲೆ. ಬೆಚ್ಚಗಾರೆ ಸಾಕ್."

ನನಗೂ ಪಾಪ ಅನಿಸಿತು. ಆದರೆ ಇದು ನನ್ನ ಕೊನೆಯ ಟಿವಿ ಇರಬಹುದು, ಬರೀ ಬಿಸಿ ಮಾಡಿ ಕೊಟ್ಟು ಹೋಗುವುದು ಹೇಗೆ? ಹಳೆಯದನ್ನು ಒಳಗೆ ಹೊತ್ತು ತಂದು ಬೆಳಿಗ್ಗೆ ಕೂತವನು ಸಂಜೆಯವರೆಗೆ ಏಳಲಿಲ್ಲ. ಇಲಿ ಕಡಿದದ್ದನ್ನೆಲ್ಲ ಬದಲಿಸಿ, ಬೆಸುಗೆ ಹಾಕಿ, ಹೊಸ ಟಿವಿಯ ಕೇಬಲ್ ವಯರನ್ನೇ ಎಳೆದು ಸಿಕ್ಕಿಸಿ ಗುಂಡಿ ಒತ್ತಿದೆ. ಬಂತು ನೋಡಿ ಚಿತ್ರ. ಇಪ್ಪತ್ತು ವರ್ಷದಲ್ಲಿ ಅಂಥ ಚಿತ್ರ ನಾನೇ ಬರಿಸಿರಲಿಲ್ಲ.

ಬೆಕ್ಕು ತಡವರಿಸುತ್ತ ಬಂದು ಟಿವಿಯ ಮೇಲೆ ಹಾರಿ ಕೂತಿತು. ಅಜ್ಜಿ ಕೈ ಮುಗಿದರು. ಆಗಲೇ ಧಾರಾವಾಹಿಯ ಅತ್ತೆ ಸೊಸೆಗೆ ಬೈಯಲು ಬಾಯಿ ತೆರೆದಳು. ಬೆಕ್ಕು ಬಾಲ ಉಬ್ಬಿಸಿಕೊಂಡು ಕೊಟ್ಟಿಗೆಗೆ ಓಡಿತು.

"ನಾನ್ ಎಂತ ಹೇಳಿದ್ದೆ ನಿಮ್ಗೆ?" ಅಂದರು ಅಜ್ಜಿ.

ತಲೆ ತಗ್ಗಿಸಿ ಸದ್ದಿನ ತಂತಿ ಕಿತ್ತೆ. ಬೆಕ್ಕು ವಾಪಸ್ ಬಂತು. ಅಷ್ಟರಲ್ಲಿ ಬಣ್ಣ ನೋಡಿ ಆಚೆಮನೆಯ ಮಕ್ಕಳೆಲ್ಲ ಟಿವಿ ಮುಂದೆ ಬಂದು ಕೂತರು, ಬೆಕ್ಕು ಮತ್ತೆ ಎದ್ದು ನಿಂತಿತು. ಅಜ್ಜಿ ನನ್ನ ಮುಖ ನೋಡಿದರು. ಜೀವಮಾನದ ಆ ಚಿತ್ರದ ಬೆಳಕನ್ನು ನನ್ನ ಕೈಯಾರೆ ಇಳಿಸಿ ಕಪ್ಪು ಮಾಡಿದೆ. ಮಕ್ಕಳು ಎದ್ದು ಹೋದರು.

ಬೆಕ್ಕು ಎರಡು ಸುತ್ತು ಸುತ್ತಿ ಮುದುಡಿ ಮಲಗಿತು. ಅರ್ಧ ಗಂಟೆ ಬಿಟ್ಟು ಇಳಿದು ಬಂದು ಒಂದು ಬಂಗುಡೆಯನ್ನು ತಲೆಯಿಂದ ಬಾಲದವರೆಗೆ ತಿಂದು, ಮತ್ತೆ ಹತ್ತಿ ಮಲಗಿತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಚೆಮನೆಯವರಿಗೆ ಕೇಳುವ ಹಾಗೆ ಹೇಳಿದರು:

"ನಿಮ್ಮನಿ ಬೆಕ್ಕಿಗೂ ಇವ್ರತ್ರವೇ ಮಾಡ್ಸಿ. ಮೆಕ್ಯಾನಿಕ್ ಒಳ್ಳೆಯರ್. ಚಿತ್ರ ಬ್ಯಾಡ ಅಂತ ಮಾತ್ರ ಎರಡೆರಡ್ ಸಲ ಹೇಳ್ಕ್."