ಎಂದೂ ಬರಿದಾಗದ ಕೂಲಂಟ್ ಡಬ್ಬಿಗೆ

ನಮ್ಮ ಹಳೆಯ ಕಾರಿನ ಬಾನೆಟ್ಟಿನಡಿ, ಬ್ಯಾಟರಿಯ ಪಕ್ಕದಲ್ಲಿ, ಹಳದಿಗಟ್ಟಿ ಗಂಭೀರವಾಗಿ ಕುಳಿತಿರುವ ಪ್ಲಾಸ್ಟಿಕ್ ಕೂಲಂಟ್ ಡಬ್ಬಿಯವರ ಸನ್ನಿಧಾನಕ್ಕೆ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿರುವ ಬಡಪಾಯಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ಇಂಜಿನ್ನನ್ನು ತಣ್ಣಗಿಡುವ ದ್ರವವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಾವು ಇಷ್ಟು ವರ್ಷ ಸಲ್ಲಿಸಿದ ಸೇವೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ತಮಗಿದ್ದ ಇನ್ನೊಂದು ಕೆಲಸವೆಂದರೆ, ಒಳಗೆ ಕಡಿಮೆಯಾದಾಗ ಕಡಿಮೆಯಾಗಿದೆ ಎಂದು ತೋರಿಸುವುದು. ಅದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತಾವು ಚಾಚೂ ತಪ್ಪದೆ ಮಾಡಿದ್ದೀರಿ.

ಹಿನ್ನೆಲೆ ತಮಗೆ ತಿಳಿಯದ್ದೇನಲ್ಲ. ರಿಪೇರಿಯ ಹೆಸರು ಕೇಳಿ ಕೇಳಿ ಬೇಸತ್ತ ನಮ್ಮ ಅತ್ತೆಯವರು ಒಂದು ದಿನ ಊಟಕ್ಕೆ ಕೂತಲ್ಲೇ, “ಇನ್ನೊಂದ್ಸಲ ಈ ಕಾರು ಗ್ಯಾರೇಜಿನ ಮೆಟ್ಟಿಲು ಹತ್ತಿದ್ರೆ ಸೀದಾ ಗುಜರಿಗೆ” ಎಂದು ತೀರ್ಪು ಕೊಟ್ಟುಬಿಟ್ಟರು. ನಮ್ಮ ಮನೆಯಲ್ಲಿ ಅವರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಕಾರು ಹೋದರೆ ನನ್ನ ಅಂಗಡಿಗೂ ಬೀಗವೇ ಗತಿ, ಏಕೆಂದರೆ ಹಿಂದಿನ ಸೀಟು ಮಡಿಸಿ ಆಳೆತ್ತರದ ಗಾಜನ್ನು ಓರೆಯಾಗಿ ಒಯ್ಯಲು ಆಗುವುದು ಇದೊಂದರಲ್ಲೇ. ಹೊಸ ಕಾರುಗಳೊಳಗೆಲ್ಲ ಅಳತೆ ಟೇಪು ಹಿಡಿದು ನುಸುಳಿ, ಶೋರೂಮಿನವರ ಕಣ್ಣಿಗೆ ಹುಚ್ಚನಾಗಿ ಬಂದಿದ್ದೇನೆ.

ಹೀಗಿರುವಾಗ ಕಾರಿನಡಿ ನೆಲ ಒದ್ದೆಯಾಗಿದ್ದನ್ನು ಕಂಡು ಬಾನೆಟ್ಟು ಎತ್ತಿದೆ. ನೋಡಿದರೆ ತಾವು ಬೆರಳಷ್ಟು ಇಳಿದಿದ್ದಿರಿ. ಯಾರಿಗೂ ಕಾಣದಂತೆ ನಲ್ಲಿ ನೀರು ತಂದು ತುಂಬಿದೆ. ಆದರೆ ಮರುದಿನದಿಂದ ಏನಾಶ್ಚರ್ಯ, ನೆಲ ಒದ್ದೆ, ತಾವು ತುಂಬಿದ ಕೊಡ! ನಾನು ಮುಚ್ಚಳ ತೆಗೆಯುವ ಮೊದಲೇ ಗೆರೆಯ ತನಕ ಏರಿ ಕುಳಿತಿರುತ್ತಿದ್ದಿರಿ. ಆದರೂ ಇರಲಿ ಎಂದು ಆಗಾಗ ಒಂದು ಗುಟುಕು ಹಾಕುತ್ತ, ಅಕ್ಷಯಪಾತ್ರೆಯೇ ಮನೆಗೆ ಬಂದಿದೆ ಎಂದುಕೊಂಡೆ.

ಕಾರು ಗ್ಯಾರೇಜಿಗೆ ಹೋಗುವಂತಿರಲಿಲ್ಲವಾದ್ದರಿಂದ, ದನಿಯ ದೆಸೆಯಿಂದ ಗುಡುಗಪ್ಪ ಎಂದು ಹೆಸರಾದ ಮೆಕ್ಯಾನಿಕ್ಕರನ್ನು, ಅವರ ಮದುವೆ ಫೋಟೋಗೆ ಕಟ್ಟು ಹಾಕಿದ್ದಾಗಿದೆ ಎಂಬ ನೆಪದಲ್ಲಿ ಅಂಗಡಿಗೇ ಕರೆಸಿದೆ. ಅವರು ತಮ್ಮನ್ನು ಇಣುಕಿ ನೋಡಿದರು, ತುಂಬಿದ್ದಿರಿ. ನೆಲದ ನೀರಿಗೆ ಬೆರಳದ್ದಿ ನೋಡಿದರು, ಬಣ್ಣವಿಲ್ಲ. “ಕೂಲಂಟಾಗಿದ್ರೆ ಹಸಿರಾಗಿರ್ಬೇಕಿತ್ತು ಸಾರ್, ಇದು ಎಸಿ ನೀರು” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಎಸಿ ಸತ್ತು ಯಾವುದೋ ಕಾಲವಾಯಿತೆಂದು ನಾನು ವಿನಯದಿಂದ ಅರಿಕೆ ಮಾಡಿದಾಗ, “ಹಾಗಾದ್ರೆ ತಾನಾಗೇ ಸರಿಹೋಗಿದೆ, ಖುಷಿಪಡಿ” ಎಂದು ಫೋಟೋ ಕಂಕುಳಲ್ಲಿಟ್ಟುಕೊಂಡು ನಡೆದರು. ನಾನು ಖುಷಿಪಟ್ಟೆ.

ತಮ್ಮ ಬಣ್ಣ ಬಯಲಾಗಿದ್ದು ನಾನು, ಹೆಂಡತಿ, ಅತ್ತೆಯವರು ಮೂವರೂ ನಾದಿನಿಯ ಮನೆಗೆ ಹೋದಾಗ. ಅಲ್ಲಿ ಕಾರು ನಡುಮನೆಯ ಕಿಟಕಿಗೆ ಎದುರಾಗಿ ನಿಂತಿತ್ತು, ಬಾನೆಟ್ಟಿನ ಹತ್ತಿರ ಸುಳಿಯಲು ಯಾರಿಗೂ ಆಗಲಿಲ್ಲ. ಉಳಿದಷ್ಟು ದಿನವೂ ಅಕ್ಷಯಪಾತ್ರೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತೆಂದು ಕಾಣುತ್ತದೆ. ವಾಪಸು ಬರುವಾಗ ನಡುದಾರಿಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನಿಂದ ಹಬೆ ಎದ್ದಿತು. ನನ್ನ ಕಥೆ ಮುಗಿಯಿತೆಂದು, ಅತ್ತೆಯವರ ಮುಖ ನೋಡುವ ಧೈರ್ಯವಿಲ್ಲದೆ, ಸೀಟಿನಡಿ ಬಚ್ಚಿಟ್ಟಿದ್ದ ನೀರಿನ ಬಾಟಲಿ ಹೊರತೆಗೆದೆ. ಅಷ್ಟರಲ್ಲಿ ಹೆಂಡತಿ ತನ್ನ ಕೈಚೀಲದಿಂದ ಒಂದು ಬಾಟಲಿ ತೆಗೆದಳು. ನಾವಿಬ್ಬರೂ ಒಬ್ಬರ ಬಾಟಲಿಯನ್ನು ಒಬ್ಬರು ನೋಡುತ್ತಿರುವಾಗಲೇ, ಅತ್ತೆಯವರು ಬಟ್ಟೆ ಚೀಲದ ತಳದಿಂದ ಫ್ಲಾಸ್ಕು ಎತ್ತಿ, “ಬಿಸಿಯಲ್ಲಿ ಮುಚ್ಚಳ ತೆಗೀಬೇಡಿ, ಮುಖಕ್ಕೆ ಹಾರತ್ತೆ. ಆರೋ ತನಕ ಸುಮ್ನಿರಿ” ಎಂದು ನುರಿತವರ ದನಿಯಲ್ಲಿ ಅಪ್ಪಣೆ ಕೊಡಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ತೀರ್ಪನ್ನು ಹಿಂದಕ್ಕೆ ಪಡೆಯಲಾಗದ ನ್ಯಾಯಾಧೀಶರು, ಅಪರಾಧಿಗೆ ಕದ್ದು ನೀರು ಕುಡಿಸುತ್ತಿದ್ದರು. ಅವರ ಮಂಡಿನೋವಿಗೆ ಒಗ್ಗುವ ಸೀಟು ಇದೊಂದೇ ಅಂತೆ. ಹೆಂಡತಿಗೆ ಬೇರೆ ಯಾವ ಕಾರಿನ ಗೇರೂ ಕೈಗೆ ಕೂರುವುದಿಲ್ಲವಂತೆ. ರಸ್ತೆಬದಿಯ ಕಲ್ಲೊಂದರ ಮೇಲೆ ಕೂತು ಅವರಿಬ್ಬರ ಮೇಲೆ ನನಗೆ ಉಕ್ಕಿದ ಪ್ರೀತಿ, ಸುಳ್ಳೇಕೆ ಹೇಳಲಿ, ಮದುವೆಯ ದಿನವೂ ಉಕ್ಕಿರಲಿಲ್ಲ.

ಗುಡುಗಪ್ಪನವರು ಗಾಡಿ ತಂದು ಎಳೆದೊಯ್ದರು. ಬಸಿದಾಗ ಬಂದದ್ದು ತುಕ್ಕು ಬೆರೆತ ನಲ್ಲಿ ನೀರು; ಹಸಿರು ಕೂಲಂಟ್ ಹನಿಯೂ ಉಳಿದಿರಲಿಲ್ಲ. ತಮ್ಮ ಬಾಯಿಗೆ ಪಂಪು ಕಟ್ಟಿ ಗಾಳಿ ಒತ್ತಿದಾಗ, ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಕ್ಲಿಪ್ಪಿನಡಿ ಕೂದಲೆಳೆಯಷ್ಟು ಸೀಳಿದ್ದು ತೋರಿತು. ಪೈಪು ಬದಲಾಯಿತು, ಒಳಗೆಲ್ಲ ತೊಳೆದು ಅಸಲಿ ಕೂಲಂಟ್ ತುಂಬಿದ್ದಾಯಿತು. ಗುಜರಿಯ ಮಾತೇನಾಯಿತೆಂದು, ದಾರಿಯಲ್ಲಿ ನನ್ನಿಂದ ಎಲ್ಲ ಕೇಳಿದ್ದ ಗುಡುಗಪ್ಪನವರು ಗುಡುಗಿದ್ದಕ್ಕೆ, ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆಯವರು, “ಕಾರು ಗ್ಯಾರೇಜಿಗೆ ಬಂದಿದ್ದೆಲ್ಲಿ? ನೀವೇ ಎಳ್ಕೊಂಡು ಬಂದ್ರಿ” ಎಂದರು. ಅಲ್ಲಿಗೆ ಮೊಕದ್ದಮೆ ವಜಾ ಆಯಿತು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಇನ್ನು ಮುಂದೆ ಯಾರಾದರೂ ನೀರು ಹಿಡಿದು ಬಂದರೆ ತಾವು ದಯಮಾಡಿ ಬಾಯಿ ಬಿಡಬಾರದು, ಒತ್ತಾಯ ಮಾಡಿದರೆ, ನಿನಗಿಂತ ಮೊದಲು ಇಂಥವರು ಬಂದು ಹೋದರು ಎಂದು ಗಟ್ಟಿಯಾಗಿ ಹೇಳಬೇಕು. ಸುಳ್ಳು ಹೊಟ್ಟೆ ತೋರಿಸಿ ಮೂವರ ಮಾನ ಉಳಿಸಿದ್ದಕ್ಕೆ ಮಾತ್ರ ಪ್ರತ್ಯೇಕ ಕೃತಜ್ಞತೆಗಳು.

ಬರಿಗೈಯಲ್ಲೇ ಬಂದು ನೋಡಿಹೋಗುವೆನೆಂದು ಮಾತು ಕೊಟ್ಟಿರುವ,
ತಮ್ಮ ವಿಶ್ವಾಸಿ,
ಕಟ್ಟು ಹಾಕುವವನು

ತಾ.ಕ.: ತಮ್ಮ ನೆರೆಯವರಾದ ಇಂಜಿನ್ ಆಯಿಲಿನ ಅಳತೆ ಕಡ್ಡಿಯವರಿಗೂ ಈ ಪತ್ರ ಓದಿ ಹೇಳಬೇಕು. ನಮ್ಮ ಇಂಜಿನ್ ಎಣ್ಣೆ ಕುಡಿಯುವುದು ಊರಿಗೇ ಗೊತ್ತು, ಆದರೂ ಇತ್ತೀಚೆಗೆ ಎಳೆದು ನೋಡಿದಾಗಲೆಲ್ಲ ಕಡ್ಡಿ ತುಂಬಿದ ಗುರುತನ್ನೇ ತೋರಿಸುತ್ತಿದೆ. ನಾನು ಹಾಕಿಲ್ಲ. ತಾನೂ ಹಾಕಿಲ್ಲವೆಂದು ಹೆಂಡತಿ ಆಣೆ ಮಾಡುತ್ತಾಳೆ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಎಣ್ಣೆ ಡಬ್ಬಿ ಯಾಕೋ ಬೇಗ ಬೇಗ ಖಾಲಿಯಾಗುತ್ತಿದೆ.