ಎಂಬತ್ತರ ಮಷೀನಿಗೆ ಬಳಿದ ಬಣ್ಣ

ಸೆಕೆಂಡ್ ಹ್ಯಾಂಡ್ ವಾಷಿಂಗ್ ಮಷೀನ್ ತರುತ್ತೇನೆಂದು ಹೊರಟ ಮುನಿರಾಜು ವೆಂಡಿಂಗ್ ಮಷೀನ್ ತಂದಿದ್ದ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಾಗಿಲು ಹಾಕಿದ ಕಾರ್ಖಾನೆಯೊಂದರ ಕ್ಯಾಂಟೀನಿನದು. ಕಾಸು ಹಾಕಿ ಗುಂಡಿ ಒತ್ತಿದರೆ ಕೂಲ್‌ಡ್ರಿಂಕ್ ಬಾಟಲಿ ಬೀಳಿಸುತ್ತಿತ್ತಂತೆ. ಈಗ ಏನನ್ನೂ ಬೀಳಿಸುತ್ತಿರಲಿಲ್ಲ. ಕುರುಬರಹಳ್ಳಿಯ ಬಾಡಿಗೆ ಮನೆಯ ಗೇಟಿನೊಳಗೆ ಅದು ಬಂದು ನಿಂತ ದಿನದಿಂದ, ಹೆಂಡತಿ ಕುಸುಮಾ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಜೋರಾಗಿತ್ತು. ಬಡಿಯುತ್ತಿದ್ದುದು ಬಟ್ಟೆಯನ್ನೇ ಆದರೂ ಕಣ್ಣು ಮಾತ್ರ ಗಂಡನ ಮೇಲಿರುತ್ತಿತ್ತು.

ಅಂತೂ ದೇವರು ಕಣ್ಣು ಬಿಟ್ಟ. ಸಿನಿಮಾಗಳಿಗೆ ಸೆಟ್ ಹಾಕುವ ರುದ್ರೇಶ ಎಂಬಾತ, ಮಾರಾಟಕ್ಕಿದೆ ಎಂದು ಮುನಿರಾಜು ಮೊಬೈಲಿನಲ್ಲಿ ಹಾಕಿದ್ದ ಫೋಟೋ ನೋಡಿ ಭಾನುವಾರ ಬೆಳಗ್ಗೆ ಫೋನ್ ಮಾಡಿದ.

"ಸಾರ್, ನಮ್ದು ಎಂಬತ್ತನೇ ಇಸವಿ ಕತೆ. ನಿಮ್ ಮಷೀನ್ ಬೇಕೇ ಬೇಕು. ಸಂಜೆ ಗಾಡಿ ತಗೊಂಡ್ ಬರ್ತೀನಿ."

"ಇದು ಹೋದ್ರೆ ಇವತ್ತೇ ವಾಷಿಂಗ್ ಮಷೀನ್ ಕಣೇ," ಎಂದ ಮುನಿರಾಜು.

"ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನೀವೇ ಒಗೀಬೇಕು," ಎಂದಳು ಕುಸುಮಾ.

ಕೊಡುವ ವಸ್ತು ಲಕ್ಷಣವಾಗಿರಲಿ ಎಂದು ಅವನು ಕೆಲಸಕ್ಕಿಳಿದ. ಮುಂದಿನ ಪ್ಲಾಸ್ಟಿಕ್ ಹಲಗೆ, ಗುಂಡಿಗಳು, ಕಾಸಿನ ಕಿಂಡಿಯ ಪಟ್ಟಿ ಎಲ್ಲವೂ ಬೀಡಿ ಸೇದುವವರ ಹಲ್ಲಿನಂತೆ ಹಳದಿಗೆ ತಿರುಗಿದ್ದವು. ಸೋಪಿನ ನೀರಿನಲ್ಲಿ ತೊಳೆದ, ಉಪ್ಪುಕಾಗದದಿಂದ ತಿಕ್ಕಿದ, ಪ್ರೈಮರ್ ಹೊಡೆದ, ಆಮೇಲೆ ಬಿಳಿ ಸ್ಪ್ರೇ. ಗುಂಡಿಗಳಿಗೆ ಕೆಂಪು. ಜೀವಮಾನದಲ್ಲಿ ಮೊದಲ ಸಲ ಅವನು ಮಾಡಿದ ಕೆಲಸವೊಂದು ಚೆನ್ನಾಗಿ ಬಂದಿತ್ತು. ಅಂಥದ್ದನ್ನು ನೋಡಿ ಸುಮ್ಮನಿರುವ ಬೀದಿಯೇ ಅದು?

ಬೆಳಗಿನ ಫೋನಿನ ಸುದ್ದಿ ಆಗಲೇ ಎಲ್ಲರಿಗೂ ಗೊತ್ತಾಗಿತ್ತು. ಮೊದಲು ಇಳಿದು ಬಂದವರು ಮಹಡಿಯಲ್ಲಿದ್ದ ಮನೆ ಓನರ್ ಅಮೀನಪ್ಪ.

"ಏನಯ್ಯಾ ಮಾಡಿದೀಯ! ಎಂಬತ್ತರ ಕತೆಗೆ ಹೊಸ ಮಷೀನ್ ಯಾರಯ್ಯ ಇಡ್ತಾರೆ? ಹಳೇದು ಅಂತ ತಾನೇ ಅವ್ನು ಕೇಳಿದ್ದು?"

ಎದುರು ಮನೆಯ ಅಕ್ಕಯ್ಯಮ್ಮ ಸೊಪ್ಪು ಬಿಡಿಸುತ್ತಲೇ ಗೇಟಿಗೆ ಬಂದು, "ಅಯ್ಯೋ, ಚೆನ್ನಾಗಿ ಹಳೇದಾಗಿತ್ತು, ಹಾಳ್ ಮಾಡ್ಕೊಂಡ್ಯಲ್ಲಪ್ಪಾ," ಎಂದು ಲೊಚಗುಟ್ಟಿದರು.

"ಫೋನ್ ಮಾಡಿ ಒಂದ್ಮಾತು ಕೇಳ್ಲಾ ಸಾರ್?" ಎಂದು ಮುನಿರಾಜು ಮೊಬೈಲ್ ತೆಗೆದ.

"ಕೇಳಿದ್ರೆ ಬಣ್ಣ ಬಳಿದಿರೋದು ಗೊತ್ತಾಗುತ್ತೆ, ಅವ್ನು ಬರೋದೇ ಇಲ್ಲ. ಸುಮ್ನೆ ನಾನ್ ಹೇಳ್ದಂಗ್ ಮಾಡು," ಎಂದು ಅಮೀನಪ್ಪ ಪಂಚೆ ಎತ್ತಿ ಕಟ್ಟಿದರು.

ಅಕ್ಕಯ್ಯಮ್ಮ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತಂದರು. ಗೀರು ಬಿತ್ತೇ ಹೊರತು ಬಿಳುಪು ಹೋಗಲಿಲ್ಲ. ಕಾಫಿ ಡಿಕಾಕ್ಷನ್ ಸುರಿದರು. ಹಳೆಯದರಂತೆ ಕಾಣದೆ, ಯಾರೋ ಕಾಫಿ ಚೆಲ್ಲಿದಂತೆ ಕಂಡಿತು. ಕೊನೆಗೆ ಅಮೀನಪ್ಪ ಬಣ್ಣ ಕರಗಿಸುವ ಥಿನ್ನರ್ ಡಬ್ಬಕ್ಕೆ ಕೈ ಹಾಕಿದರು.

"ಸಾರ್, ಪ್ಲಾಸ್ಟಿಕ್ಕು. ಕರಗುತ್ತೆ."

"ಮೂರು ಮನೆ ಕಟ್ಸಿದೀನಿ ಕಣಯ್ಯ. ನಂಗೆ ಥಿನ್ನರ್ ಹೇಳ್ಕೊಡ್ತೀಯಾ?"

ಮೂರು ಮನೆ ಕಟ್ಟಿಸಿದವರ ಮುಂದೆ, ಅದರಲ್ಲೊಂದರಲ್ಲಿ ಬಾಡಿಗೆಗಿರುವವನು ಏನು ಹೇಳಬಲ್ಲ? ಥಿನ್ನರ್ ಬಿತ್ತು. ಬಣ್ಣ ಹೋಯಿತು, ಜೊತೆಗೆ ಗುಂಡಿಗಳ ಆಕಾರವೂ ಹೋಯಿತು. ಹಲಗೆ ಬಿಸಿಲಿಗಿಟ್ಟ ಬೆಲ್ಲದಂತೆ ಜಿನುಗಿತು. ಕಾಸಿನ ಕಿಂಡಿ ಶಾಶ್ವತವಾಗಿ ಬಾಯಿ ಮುಚ್ಚಿಕೊಂಡಿತು.

"ಈಗ ನೋಡು, ನೂರು ವರ್ಷದ್ದು ಅನ್ಬೇಕು," ಎಂದರು ಅಮೀನಪ್ಪ, ತಮ್ಮ ಕೈಚಳಕಕ್ಕೆ ತಾವೇ ಮಾರುಹೋಗಿ.

ಸಂಜೆ ರುದ್ರೇಶ ಬಂದ. ಜೊತೆಗೆ ಬಣ್ಣದ ಡಬ್ಬ ಹಿಡಿದ ಪೇಂಟರ್ ಒಬ್ಬನಿದ್ದ. ಮಷೀನ್ ನೋಡಿ ಇಬ್ಬರೂ ನಿಂತಲ್ಲೇ ನಿಂತರು.

"ಏನ್ ಸಾರ್ ಇದು! ಫೋಟೋದಲ್ಲಿ ಬರೀ ಹಳದಿ ಆಗಿತ್ತು!"

"ಹಳೇ ಕತೆ ಅಂದ್ರಲ್ಲ... ಹಳೇದಾಗೇ ಇರ್ಲಿ ಅಂತ," ಎಂದ ಮುನಿರಾಜು.

"ಎಂಬತ್ತರಲ್ಲಿ ಇದು ಹೊಚ್ಚ ಹೊಸದು ಸಾರ್! ನಮ್ ಹೀರೋ ಕಾಸು ಹಾಕೋವಾಗ ಫಳಫಳ ಅನ್ಬೇಕು. ಬಿಳೀ ಬಣ್ಣ ಹೊಡೆಸೋಕೆ ಅಂತ್ಲೇ ಇವನನ್ನ ಕರ್ಕೊಂಡ್ ಬಂದೆ. ಕರಗಿರೋದಕ್ಕೆ ಏನ್ ಹೊಡೆಸ್ಲಿ?"

ಮುನಿರಾಜುವಿಗೆ ಅಳುವೇ ಬಂತು. ಮಧ್ಯಾಹ್ನ ಅದು ಫಳಫಳ ಅನ್ನುತ್ತಲೇ ಇತ್ತು ಎಂದರೆ ನಂಬುವವರು ಯಾರು? ಅಮೀನಪ್ಪನವರತ್ತ ನೋಡಿದ. ಅವರು ಆಕಾಶ ನೋಡುತ್ತಿದ್ದರು.

ರುದ್ರೇಶ ಕರಗಿದ ಗುಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಅಲ್ಲ, ಇದನ್ನ ಹಿಂಗ್ ಮಾಡಿದ್ ಯಾರು? ನಮ್ದು ಇನ್ನೊಂದ್ ಸೆಟ್ ಇದೆ, ಬೆಂಕಿ ಬಿದ್ದ ಮನೆ. ಸಾಮಾನೆಲ್ಲ ಹಿಂಗೇ ಕಾಣ್ಬೇಕು. ಕೆಲ್ಸ ಗೊತ್ತಿರೋರು ಸಿಗ್ತಿಲ್ಲ," ಎಂದ.

"ನಾನೇ!" ಎಂದರು ಅಮೀನಪ್ಪ, ಆಕಾಶ ಬಿಟ್ಟು ತಕ್ಷಣ ಕೆಳಗಿಳಿದು.

ಆ ಕೆಲಸ ಅಮೀನಪ್ಪನವರಿಗೇ ಎಂದು ಅಲ್ಲೇ ಮಾತಾಯಿತು. ಅವರು ಪ್ಯಾಂಟು ತೊಟ್ಟು ಬಂದು ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತರು. ಬೆಂಕಿ ಬಿದ್ದ ಮನೆಗೆ ವೆಂಡಿಂಗ್ ಮಷೀನ್ ಬೇಕಿರಲಿಲ್ಲ; ಅದು ಗೇಟಿನೊಳಗೇ ಉಳಿಯಿತು. ಹೊರಡುವ ಮುನ್ನ ಅಮೀನಪ್ಪ ಕಿಟಕಿಯಿಂದ ಕೈ ಚಾಚಿ, ಡಿಕಾಕ್ಷನ್ನೂ ಬಣ್ಣವೂ ಮೆತ್ತಿದ ಪಂಚೆಯನ್ನು ಮುನಿರಾಜುವಿನ ಕೈಗಿಟ್ಟರು.

"ನಿನ್ ಮಷೀನಿಂದ ಆಗಿದ್ದು ಕಣಯ್ಯ. ನಾಳೆ ಒಗೆಯೋವಾಗ ಇದನ್ನೂ ಹಾಕ್ಕೋ."

ಕುಸುಮಾ ಒಳಗಿನಿಂದ ಬಕೆಟ್ ತಂದು ಗಂಡನ ಮುಂದಿಟ್ಟಳು.

"ಈಗ್ಲೇ ನೆನೆಹಾಕಿ. ಡಿಕಾಕ್ಷನ್ ಕಲೆ ಬೇಗ ಹೋಗಲ್ಲ."